ಶ್ರೀಗಂಧದ ಎಣ್ಣೆ: ಒಂದು ಭಿತ್ತಿಪತ್ರದ ವಿಮರ್ಶೆ

ಶ್ರೀಗಂಧದ ಹೆಸರು ಕೇಳದ ಕನ್ನಡಿಗರು ಇರಲಾರರು. ದೇವರ ಮನೆಯ ಸಾಣೆಕಲ್ಲಿನಿಂದ ಹಿಡಿದು ಬಚ್ಚಲುಮನೆಯ ಸಾಬೂನಿನವರೆಗೆ ಅದು ನಮ್ಮ ಜೊತೆಗಿದೆ. ಇಷ್ಟು ಬಳಕೆಯಲ್ಲಿರುವ ವಸ್ತುವಿನ ಬಗ್ಗೆ ನಮಗೆ ಎಲ್ಲವೂ ಗೊತ್ತಿದೆ ಎಂಬ ಭಾವನೆ ಸಹಜ. ಆ ಭಾವನೆಯೇ ಕೆಲವೊಮ್ಮೆ ತೊಂದರೆಗೆ ಕಾರಣವಾಗುತ್ತದೆ. ಅಂಥ ಒಂದು ಸಂದರ್ಭ ಈ ಲೇಖನಕ್ಕೆ ಪ್ರೇರಣೆ.

ಬೆಳಗಾವಿ ಜಿಲ್ಲೆಯ ಮುರಗೋಡದ ಸುತ್ತಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆದಿತ್ತು. ಒಂದು ಮೇಜಿನ ಹಿಂದೆ ದೊಡ್ಡ ಭಿತ್ತಿಪತ್ರ ತೂಗುಹಾಕಿದ್ದರು. ಅದರ ಶೀರ್ಷಿಕೆ ‘ನೈಸರ್ಗಿಕ ಶ್ರೀಗಂಧದ ಎಣ್ಣೆ: ಗುಣ, ಸುರಕ್ಷತೆ, ಉಪಯೋಗ’. ಮೇಜಿನ ಮೇಲೆ ಒಂದು ಗಂಧದ ಕೊರಡು, ಒಂದು ಹಿಡಿ ಕೆಂಪು ಚಕ್ಕೆ ಮತ್ತು ಜಾತ್ರೆಗೆ ಹೋದವರು ತಂದಿದ್ದ ಒಂದು ಪುಟ್ಟ ಸೀಸೆ. ವಿವರಿಸುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯ ಮುಂಗೈ ಮೇಲೆ ಕೆಂಪು ದದ್ದುಗಳೆದ್ದಿದ್ದವು. ಕೇಳಿದ್ದಕ್ಕೆ, “ನಿನ್ನೆ ಇದೇ ಎಣ್ಣಿ ಹಚ್ಕೊಂಡಿದ್ದೆರೀ ಸರ್. ನ್ಯಾಚುರಲ್ ಐತಿ, ಏನೂ ಆಗೂದಿಲ್ಲ ಅಂತ ಬರದೈತಲ್ರೀ” ಎಂದಳು. ಅವಳ ಬೆರಳು ಭಿತ್ತಿಪತ್ರದ ಮೂರನೆಯ ಸಾಲನ್ನು ತೋರಿಸುತ್ತಿತ್ತು.

ಭಿತ್ತಿಪತ್ರದಲ್ಲಿ ನಾಲ್ಕು ಮುಖ್ಯ ಹೇಳಿಕೆಗಳಿದ್ದವು:

1. ಶ್ರೀಗಂಧದ ಎಣ್ಣೆಯಲ್ಲಿ ಶೇಕಡ 90ರಷ್ಟು ಸ್ಯಾಂಟಲಾಲ್ ಇದೆ.
2. ಕಾಗದದ ಮೇಲೆ ಒಂದು ಹನಿ ಹಾಕಿದಾಗ ಕಲೆ ಉಳಿದರೆ ಎಣ್ಣೆ ಕಲಬೆರಕೆಯಾಗಿದೆ.
3. ಇದು ನೈಸರ್ಗಿಕವಾದ್ದರಿಂದ ಯಾವುದೇ ಅಡ್ಡಪರಿಣಾಮವಿಲ್ಲ.
4. ಗಾಯ, ಚರ್ಮರೋಗ, ಮೂತ್ರರೋಗ, ಕ್ಯಾನ್ಸರ್‌ಗಳಿಗೆ ಇದು ಔಷಧಿ.

ಈ ಸಾಲುಗಳನ್ನು ಮಕ್ಕಳು ತಾವಾಗಿ ಕಲ್ಪಿಸಿಕೊಂಡಿರಲಿಲ್ಲ. ಗೈಡುಗಳು, ಜಾಹೀರಾತುಗಳು, ಸಸಿ ಮಾರುವವರ ಕರಪತ್ರಗಳು ಎಲ್ಲದರಲ್ಲೂ ಇಂಥವೇ ವಾಕ್ಯಗಳು ಸಿಗುತ್ತವೆ. ಆದ್ದರಿಂದ ಇದು ಮಕ್ಕಳ ವಿಮರ್ಶೆಯಲ್ಲ, ಆ ವಾಕ್ಯಗಳ ವಿಮರ್ಶೆ.

ಮೊದಲು, ಯಾವ ಎಣ್ಣೆ?

ಮೇಜಿನ ಮೇಲಿದ್ದ ಕೆಂಪು ಚಕ್ಕೆ ರಕ್ತಚಂದನದ್ದು. ಹೆಸರಿನಲ್ಲಿ ಚಂದನವಿದ್ದರೂ ಅದು ಹೊನ್ನೆಯ ಜಾತಿಗೆ, ಅಂದರೆ ದ್ವಿದಳ ಸಸ್ಯಗಳ ಕುಟುಂಬಕ್ಕೆ ಸೇರಿದ ಮರ. ಅದರ ಬೆಲೆ ಬಣ್ಣದಿಂದ. ಗಂಧದ ಎಣ್ಣೆ ಅದರಲ್ಲಿಲ್ಲ. ನಮ್ಮ ಶ್ರೀಗಂಧ ಸಂಟಾಲಮ್ ಆಲ್ಬಮ್. ಇದು ಅರೆ ಪರಾವಲಂಬಿ. ಎಲೆಗಳಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ನೀರು ಮತ್ತು ಲವಣಗಳನ್ನು ಪಡೆಯುತ್ತದೆ. ಎಣ್ಣೆ ಇರುವುದು ಮರದ ಚೇಗಿನಲ್ಲಿ ಮಾತ್ರ. ಹೊರಗಿನ ಬಿಳಿ ಮರಕ್ಕೆ ವಾಸನೆಯಿಲ್ಲ. ಬೇರು ಮತ್ತು ಬುಡದ ಚೇಗಿನಲ್ಲಿ ಎಣ್ಣೆ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಎಳೆಯ ಮರದಲ್ಲಿ ಚೇಗೇ ಅತ್ಯಲ್ಪ.

ಪ್ರಪಂಚದ ಮಾರುಕಟ್ಟೆಯಲ್ಲಿ ‘ಸ್ಯಾಂಡಲ್‌ವುಡ್’ ಎಂಬ ಹೆಸರಿನಲ್ಲಿ ಹಲವು ಎಣ್ಣೆಗಳಿವೆ. ಆಸ್ಟ್ರೇಲಿಯದ ಸಂಟಾಲಮ್ ಸ್ಪಿಕೇಟಮ್ ನಮ್ಮ ಮರದ ದಾಯಾದಿ. ಆದರೆ ಅದರ ಎಣ್ಣೆಯಲ್ಲಿ ಸ್ಯಾಂಟಲಾಲ್ ಬಹಳ ಕಡಿಮೆ, ಫಾರ್ನಿಸಾಲ್ ಎಂಬ ಬೇರೊಂದು ಆಲ್ಕೊಹಾಲು ಹೆಚ್ಚು. ‘ವೆಸ್ಟ್ ಇಂಡಿಯನ್ ಸ್ಯಾಂಡಲ್‌ವುಡ್’ ಎಂದು ಮಾರುವ ಆಮೈರಿಸ್ ಎಣ್ಣೆಯಂತೂ ನಿಂಬೆಯ ಕುಟುಂಬದ ಮರದ್ದು. ಇವೆಲ್ಲವೂ ನೈಸರ್ಗಿಕವೇ. ಹೀಗಾಗಿ ಸೀಸೆಯ ಮೇಲಿನ ‘ನೈಸರ್ಗಿಕ’ ಎಂಬ ಪದ ಅದು ಯಾವ ಮರದ ಎಣ್ಣೆ ಎಂಬ ಪ್ರಾಥಮಿಕ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಭಿತ್ತಿಪತ್ರದ ಮೊದಲ ಕೊರತೆ ಇದು: ಸಸ್ಯಶಾಸ್ತ್ರೀಯ ಹೆಸರೇ ಅದರಲ್ಲಿರಲಿಲ್ಲ.

ಶೇಕಡ 90 ಎಲ್ಲಿಂದ ಬಂತು?

ಸ್ಯಾಂಟಲಾಲ್ ಒಂದು ಸೆಸ್ಕ್ವಿಟರ್ಪೀನ್ ಆಲ್ಕೊಹಾಲು. ಅದರ ಅಣುವಿನಲ್ಲಿ 15 ಕಾರ್ಬನ್, 24 ಹೈಡ್ರೊಜನ್ ಮತ್ತು 1 ಆಕ್ಸಿಜನ್ ಪರಮಾಣುಗಳಿವೆ; ಅಣುತೂಕ ಸುಮಾರು 220. ಇದೇ ಅಣುಸೂತ್ರದ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳು ಮುಖ್ಯ. ಶ್ರೀಗಂಧದ ವಿಶಿಷ್ಟ ಪರಿಮಳಕ್ಕೆ ಬೀಟಾ ರೂಪದ ಕೊಡುಗೆ ದೊಡ್ಡದು.

ಐಎಸ್‌ಒ 3518 ಎಂಬ ಅಂತಾರಾಷ್ಟ್ರೀಯ ಮಾನಕದ 2002ರ ಆವೃತ್ತಿಯ ಪ್ರಕಾರ ಸಂಟಾಲಮ್ ಆಲ್ಬಮ್ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇಕಡ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇಕಡ 16ರಿಂದ 24 ಇರಬೇಕು. ಈಗ ಒಂದು ಸರಳ ಲೆಕ್ಕ ಮಾಡಿ. ಕನಿಷ್ಠಗಳನ್ನು ಕೂಡಿದರೆ 57, ಗರಿಷ್ಠಗಳನ್ನು ಕೂಡಿದರೆ 79. ಈ ಎರಡೂ ಕೂಡಿ 90ನ್ನು ಮುಟ್ಟುವುದೇ ಇಲ್ಲ! ಆದರೂ ಅದೇ ಮಾನಕದಲ್ಲಿ 90 ಎಂಬ ಸಂಖ್ಯೆಯೂ ಇದೆ. ಅಲ್ಲಿ ಅದರ ಪೂರ್ಣ ಒಕ್ಕಣೆ ‘ಸ್ಯಾಂಟಲಾಲ್ ಎಂದು ಲೆಕ್ಕಹಾಕಿದ ಒಟ್ಟು ಮುಕ್ತ ಆಲ್ಕೊಹಾಲುಗಳು, ಕನಿಷ್ಠ ಶೇಕಡ 90’ ಎಂಬ ಅರ್ಥದ್ದು. ಭಿತ್ತಿಪತ್ರ ಸಂಖ್ಯೆಯನ್ನು ಉಳಿಸಿಕೊಂಡು ‘ಎಂದು ಲೆಕ್ಕಹಾಕಿದ’ ಎಂಬ ಮಾತನ್ನು ಕೈಬಿಟ್ಟಿತ್ತು. ಇಡೀ ವಿಷಯ ಇರುವುದು ಆ ಮಾತಿನಲ್ಲೇ.

ಹಳೆಯ ರಾಸಾಯನಿಕ ವಿಧಾನದಲ್ಲಿ ಎಣ್ಣೆಯನ್ನು ಅಸಿಟಿಕ್ ಅನ್‌ಹೈಡ್ರೈಡಿನೊಡನೆ ಕಾಯಿಸುತ್ತಾರೆ. ಅದರಲ್ಲಿರುವ ಆಲ್ಕೊಹಾಲುಗಳು ಎಸ್ಟರುಗಳಾಗುತ್ತವೆ. ಆ ಎಸ್ಟರುಗಳನ್ನು ಒಡೆಯಲು ಎಷ್ಟು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಖರ್ಚಾಯಿತೆಂದು ಟೈಟ್ರೇಷನ್ ಮೂಲಕ ಅಳೆದು, ಇದ್ದ ಆಲ್ಕೊಹಾಲೆಲ್ಲ ಸ್ಯಾಂಟಲಾಲೇ ಎಂದು ಭಾವಿಸಿ ಶೇಕಡಾವಾರು ಲೆಕ್ಕ ಹಾಕುತ್ತಾರೆ. ಈ ವಿಧಾನಕ್ಕೆ ಹೈಡ್ರಾಕ್ಸಿಲ್ ಗುಂಪು ಕಾಣುತ್ತದೆಯೇ ಹೊರತು ಅದು ಯಾವ ಅಣುವಿನದು ಎಂಬುದು ಕಾಣುವುದಿಲ್ಲ. ಎಣ್ಣೆಯಲ್ಲಿ ಸಹಜವಾಗಿಯೇ ಇರುವ ಇತರ ಆಲ್ಕೊಹಾಲುಗಳೂ ಸ್ಯಾಂಟಲಾಲಿನ ಖಾತೆಗೆ ಜಮೆಯಾಗುತ್ತವೆ. ಬೆರೆಸಿದ ಅಗ್ಗದ ಆಲ್ಕೊಹಾಲು ಕೂಡ ಅದೇ ಖಾತೆಗೆ ಹೋಗುತ್ತದೆ. ಉದಾಹರಣೆಗೆ ಜೆರೇನಿಯಾಲ್‌ನ ಅಣುತೂಕ 154. ಅದರ 1 ಗ್ರಾಂ ಬೆರೆಸಿದರೆ ಲೆಕ್ಕದಲ್ಲಿ ಸುಮಾರು 1.43 ಗ್ರಾಂ ಸ್ಯಾಂಟಲಾಲ್ ಎಂದು ಕಾಣಿಸಿಕೊಳ್ಳುತ್ತದೆ. 220ನ್ನು 154ರಿಂದ ಭಾಗಿಸಿದರೆ ವಿದ್ಯಾರ್ಥಿಗಳೇ ಇದನ್ನು ಕಂಡುಕೊಳ್ಳಬಹುದು.

ಅಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮಟೋಗ್ರಫಿ ಬಂದ ಮೇಲೆ ಈ ಮುಸುಕು ಸರಿಯಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಮಾರುಕಟ್ಟೆಯ ಮತ್ತು ಹಳೆಯ ಸಂಗ್ರಹಗಳ ಗಂಧದೆಣ್ಣೆಗಳನ್ನು ಈ ವಿಧಾನದಿಂದ ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವ ಎಣ್ಣೆಯಲ್ಲೂ ಸ್ಯಾಂಟಲಾಲ್ ಶೇಕಡ 90 ಇರಲಿಲ್ಲ. ಮಾರಾಟದಲ್ಲಿದ್ದ ಗಂಧದೆಣ್ಣೆಗಳ ಪೈಕಿ ಐಎಸ್‌ಒ ಮಾನಕಗಳಿಗೆ ಹೊಂದಿದವು ಅರ್ಧದಷ್ಟು ಮಾತ್ರ. ಒಂದು ಸಂಖ್ಯೆಯನ್ನು ಬರೆಯುವಾಗ ಅದನ್ನು ಅಳೆದ ಬಗೆಯನ್ನೂ ಬರೆಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಕಾಗದದ ಕಲೆ

ಎರಡನೆಯ ಹೇಳಿಕೆ ನಮ್ಮ ಶಾಲೆಗಳಲ್ಲಿ ಬಹಳ ಜನಪ್ರಿಯ. ಶೇಂಗಾ ಎಣ್ಣೆಯಂಥ ಸ್ಥಿರ ತೈಲ ಕಾಗದದ ಮೇಲೆ ಜಿಡ್ಡಿನ ಕಲೆ ಬಿಡುತ್ತದೆ, ನೀಲಗಿರಿ ಎಣ್ಣೆಯಂಥ ಸುಗಂಧ ತೈಲ ಆವಿಯಾಗಿ ಹೋಗುತ್ತದೆ. ಇದು ನಿಜ. ಆದರೆ ಇದನ್ನು ಶ್ರೀಗಂಧದೆಣ್ಣೆಗೆ ಹಾಗೆಯೇ ಅನ್ವಯಿಸಿದರೆ ತೀರ್ಪು ತಲೆಕೆಳಗಾಗುತ್ತದೆ.

ಸ್ಯಾಂಟಲಾಲ್‌ನ ಕುದಿಬಿಂದು ಸುಮಾರು 300 ಡಿಗ್ರಿ ಸೆಲ್ಸಿಯಸ್. ಕೋಣೆಯ ಉಷ್ಣತೆಯಲ್ಲಿ ಅದರ ಆವಿ ಒತ್ತಡ ತೀರ ಕಡಿಮೆ. ಶುದ್ಧ ಎಣ್ಣೆಯ ಹನಿ ಕಾಗದದ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಸುಗಂಧದ್ರವ್ಯ ತಯಾರಕರು ಶ್ರೀಗಂಧವನ್ನು ಬಯಸುವುದೇ ಈ ಗುಣಕ್ಕಾಗಿ: ಬೇಗ ಹಾರಿಹೋಗುವ ಹೂವಿನ ಪರಿಮಳಗಳನ್ನು ಅದು ಹಿಡಿದಿಡುತ್ತದೆ. ಕನೌಜಿನ ಅತ್ತರು ತಯಾರಕರು ಹೂವಿನ ಆವಿಯನ್ನು ಶ್ರೀಗಂಧದೆಣ್ಣೆಗೇ ಇಳಿಸುತ್ತಿದ್ದುದೂ ಇದೇ ಕಾರಣದಿಂದ. ಆದ್ದರಿಂದ ಒಂದು ಗಂಟೆಯ ಬಳಿಕ ಕಲೆ ನೋಡಿ ತೀರ್ಮಾನಿಸಿದರೆ ಅಸಲಿ ಎಣ್ಣೆ ‘ಕಲಬೆರಕೆ’ ಎನಿಸಿಕೊಳ್ಳುತ್ತದೆ. ಮದ್ಯಸಾರದಲ್ಲಿ ಒಂದಿಷ್ಟು ಕೃತಕ ಪರಿಮಳ ಕರಗಿಸಿದ ದ್ರವ ಬೇಗ ಆರಿ ‘ಶುದ್ಧ’ ಎಂಬ ಪ್ರಮಾಣಪತ್ರ ಪಡೆಯುತ್ತದೆ!

ಈ ಕಡಿಮೆ ಆವಿ ಒತ್ತಡವೇ ತಯಾರಿಕೆಯನ್ನೂ ನಿಧಾನಗೊಳಿಸುತ್ತದೆ. ಚೇಗಿನ ಪುಡಿಯ ಮೂಲಕ ಹಬೆ ಹಾಯಿಸಿದಾಗ ನೀರಿನ ಮತ್ತು ಎಣ್ಣೆಯ ಆವಿ ಒತ್ತಡಗಳು ಕೂಡಿ ಹೊರಗಿನ ಒತ್ತಡಕ್ಕೆ ಸಮನಾಗುತ್ತವೆ. ಹಾಗಾಗಿ 300 ಡಿಗ್ರಿಗೆ ಕುದಿಯುವ ಎಣ್ಣೆ 100 ಡಿಗ್ರಿಯ ಆಸುಪಾಸಿನಲ್ಲೇ ಹಬೆಯೊಡನೆ ಹೊರಬರುತ್ತದೆ. ಆದರೆ ಎಣ್ಣೆಯ ಪಾಲು ಅತ್ಯಲ್ಪವಾದ್ದರಿಂದ ಬಟ್ಟಿ ಇಳಿಸಲು ಎರಡು ಮೂರು ದಿನಗಳೇ ಬೇಕಾಗುತ್ತವೆ.

ಹಾಗಾದರೆ ಏನನ್ನು ಅಳೆಯಬಹುದು? ಮಾನಕದ ಪ್ರಕಾರ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಸಾಪೇಕ್ಷ ಸಾಂದ್ರತೆ 0.968ರಿಂದ 0.983, ವಕ್ರೀಭವನ ಸೂಚ್ಯಂಕ 1.503ರಿಂದ 1.508. ಧ್ರುವೀಕೃತ ಬೆಳಕನ್ನು ಅದು ಎಡಕ್ಕೆ 12ರಿಂದ 21 ಡಿಗ್ರಿ ತಿರುಗಿಸುತ್ತದೆ. ಒಂದು ಪಾಲು ಎಣ್ಣೆ ಶೇಕಡ 70ರ ಮದ್ಯಸಾರದ ಐದು ಪಾಲಿನಲ್ಲಿ ತಿಳಿಯಾಗಿ ಕರಗಬೇಕು. ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಬೆರೆತಿದ್ದರೆ ದ್ರಾವಣ ಮಬ್ಬಾಗುತ್ತದೆ. ಈ ಕೊನೆಯ ಪರೀಕ್ಷೆಯನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಸುಲಭವಾಗಿ ಮಾಡಬಹುದು. ಆದರೆ ಇದರಲ್ಲಿ ಸೋತ ಎಣ್ಣೆಯನ್ನು ಅಶುದ್ಧ ಎನ್ನಬಹುದೇ ಹೊರತು ಗೆದ್ದ ಎಣ್ಣೆಯನ್ನು ಶುದ್ಧ ಎನ್ನುವಂತಿಲ್ಲ. ಅಗ್ಗದ ಸುಗಂಧಗಳಲ್ಲಿ ಬಳಸುವ ಐಸೊಬಾರ್ನೈಲ್ ಸೈಕ್ಲೊಹೆಕ್ಸನಾಲ್‌ನಂಥ ಕೃತಕ ಗಂಧಗಳನ್ನು ಹಿಡಿಯಲು ಕ್ರೊಮಟೋಗ್ರಫಿಯೇ ಬೇಕು.

‘ಅಡ್ಡಪರಿಣಾಮವಿಲ್ಲ’ ಎಂಬ ಸಾಲು

ಹುಡುಗಿಯ ಕೈಗೆ ದದ್ದು ತಂದದ್ದು ಯಾವುದು? ಸೀಸೆಯಲ್ಲಿದ್ದದ್ದು ಅಸಲಿ ಎಣ್ಣೆಯೋ, ಕೃತಕ ಗಂಧವೋ, ಎರಡರ ಮಿಶ್ರಣವೋ ಎಂಬುದು ನೋಡಿ ತಿಳಿಯುವ ಸಂಗತಿಯಲ್ಲ. ಸೀಸೆಯನ್ನು ಬದಿಗಿಟ್ಟು, ಚರ್ಮದ ವೈದ್ಯರಿಗೆ ತೋರಿಸಲು ಹೇಳಿದೆವು. “ನಕಲಿ ಎಣ್ಣೆಯಾದ್ದರಿಂದ ಹೀಗಾಯಿತು, ಅಸಲಿಯಾಗಿದ್ದರೆ ಆಗುತ್ತಿರಲಿಲ್ಲ” ಎಂದು ಅಲ್ಲಿದ್ದ ಹಿರಿಯರೊಬ್ಬರು ಹೇಳಿದರು. ಈ ಮಾತನ್ನೂ ಪರೀಕ್ಷಿಸಬೇಕು.

ಅಸಲಿ ಎಣ್ಣೆಯ ತೀವ್ರ ವಿಷತ್ವ ಕಡಿಮೆ ಎಂಬುದು ನಿಜ. ಬಾಯಿಯ ಮೂಲಕ ಕೊಟ್ಟಾಗ ಪರೀಕ್ಷೆಗೊಳಪಟ್ಟ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಪ್ರತಿ ಕಿಲೊಗ್ರಾಂ ದೇಹತೂಕಕ್ಕೆ 5.58 ಗ್ರಾಂ. ಅಡುಗೆ ಉಪ್ಪಿಗೆ ಇದು ಸುಮಾರು 3 ಗ್ರಾಂ. ಸಿಹಿತಿಂಡಿ, ಪಾನೀಯಗಳಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಪರಿಮಳಕ್ಕಾಗಿ ಬಳಸುವುದು ಸುರಕ್ಷಿತ ಎಂದು 2008ರಲ್ಲಿ ಪ್ರಕಟವಾದ ಒಂದು ವಿಸ್ತೃತ ಸಮೀಕ್ಷೆಯೂ ತೀರ್ಮಾನಿಸಿದೆ. ಆದರೆ ಅದೇ ಸಮೀಕ್ಷೆ ವಿಷತ್ವ ಅಧ್ಯಯನಗಳ ಪೂರ್ಣ ಸರಣಿ ಲಭ್ಯವಿಲ್ಲ ಎಂಬುದನ್ನೂ ಒಪ್ಪಿಕೊಂಡಿದೆ.

ಇಲಿ ಸಾಯುವ ಪ್ರಮಾಣಕ್ಕೂ ಮನುಷ್ಯನ ಚರ್ಮದ ಅಲರ್ಜಿಗೂ ಸಂಬಂಧವಿಲ್ಲ. ವಿಷತ್ವ ಪ್ರಮಾಣವನ್ನು ಅವಲಂಬಿಸಿದೆ. ಅಲರ್ಜಿಯಲ್ಲಿ ಆಯಾ ವ್ಯಕ್ತಿಯ ರೋಗರಕ್ಷಣಾ ವ್ಯವಸ್ಥೆಯೇ ಮುಖ್ಯ ಪಾತ್ರಧಾರಿ. ಒಮ್ಮೆ ಅದು ಒಂದು ಅಣುವನ್ನು ಶತ್ರುವೆಂದು ಗುರುತಿಸಿದ ಮೇಲೆ ಅಲ್ಪ ಪ್ರಮಾಣವೂ ಸಾಕಾಗುತ್ತದೆ. ಜಪಾನಿನಲ್ಲಿ 1960 ಮತ್ತು 70ರ ದಶಕಗಳಲ್ಲಿ ಹಲವು ಮಹಿಳೆಯರ ಮುಖದ ಮೇಲೆ ಕಂದು ಕಲೆಗಳು ಕಾಣಿಸಿಕೊಂಡವು. ಪ್ರಸಾಧನಗಳಲ್ಲಿನ ಅಲರ್ಜಿಕಾರಕಗಳೇ ಕಾರಣವೆಂದು ಅಲ್ಲಿನ ಚರ್ಮವೈದ್ಯರು ಪತ್ತೆಹಚ್ಚಿದರು. ಆ ಪಟ್ಟಿಯಲ್ಲಿ ಕೃತಕ ರಾಸಾಯನಿಕಗಳ ಜೊತೆಗೆ ಮಲ್ಲಿಗೆಯ ಸಾರ, ಜೆರೇನಿಯಮ್ ಎಣ್ಣೆ ಮತ್ತು ಶ್ರೀಗಂಧದ ಎಣ್ಣೆಯೂ ಇದ್ದವು. ಅಂದರೆ ಅಸಲಿ ಎಣ್ಣೆಯೂ ಕೆಲವರಿಗೆ ಒಗ್ಗದು. ಬಹುತೇಕ ಜನರಿಗೆ ಏನೂ ಆಗುವುದಿಲ್ಲ ಎಂಬುದು ಆ ಕೆಲವರಿಗೆ ಸಮಾಧಾನವಲ್ಲ.

“ನಮ್ಮ ಹಿರಿಯರು ನೂರಾರು ವರ್ಷ ಹಚ್ಚಿಕೊಂಡಿಲ್ಲವೆ?” ಎಂಬುದು ಮುಂದಿನ ಪ್ರಶ್ನೆ. ಹಿರಿಯರು ಹಚ್ಚಿಕೊಂಡದ್ದು ಸಾಣೆಕಲ್ಲಿನ ಮೇಲೆ ನೀರಿನಲ್ಲಿ ತೇದ ಗಂಧ. ಚೇಗಿನಲ್ಲಿ ಶೇಕಡ 5ರಷ್ಟು ಎಣ್ಣೆ ಇದೆ ಎಂದಿಟ್ಟುಕೊಳ್ಳಿ. 1 ಗ್ರಾಂ ಚೇಗಿನಲ್ಲಿ 50 ಮಿಲಿಗ್ರಾಂ ಎಣ್ಣೆ. ಸೀಸೆಯ ಒಂದು ಹನಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಹಣೆಯ ಬೊಟ್ಟಿಗೆ ನಾವು ತೇಯುವ ಮರ ಒಂದು ಗ್ರಾಂಗಿಂತ ಎಷ್ಟೋ ಕಡಿಮೆ, ಅದರ ಎಣ್ಣೆಯೂ ಬಹುಪಾಲು ಮರದ ಪುಡಿಯೊಳಗೇ ಉಳಿದಿರುತ್ತದೆ. ತೇದ ಗಂಧದ ಅನುಭವವನ್ನು ನೇರ ಎಣ್ಣೆಗೆ ಸಾಕ್ಷಿಯಾಗಿ ತರುವುದು ಮಜ್ಜಿಗೆಯ ಅನುಭವವನ್ನು ಬೆಣ್ಣೆಗೆ ಹೇಳಿದಂತೆ. ಸುಗಂಧ ತೈಲಗಳ ಸುರಕ್ಷತೆಯನ್ನು ಕುರಿತ ಪ್ರಮುಖ ಕೈಪಿಡಿಯೊಂದು ಚರ್ಮದ ಮೇಲೆ ಬಳಸುವಾಗ ಶ್ರೀಗಂಧದೆಣ್ಣೆ ಶೇಕಡ 2ನ್ನು ಮೀರಬಾರದೆಂದು ಸಲಹೆ ಮಾಡಿದೆ. 100 ಹನಿ ಕೊಬ್ಬರಿ ಎಣ್ಣೆಗೆ 2 ಹನಿ ಎಂದು ಸ್ಥೂಲವಾಗಿ ತಿಳಿಯಬಹುದು. ಹುಡುಗಿ ಹಚ್ಚಿಕೊಂಡದ್ದು ಸೀಸೆಯಿಂದ ನೇರವಾಗಿ.

ಔಷಧಿಯ ಮಾತು

ನಾಲ್ಕನೆಯ ಸಾಲಿನ ಪ್ರತಿ ಪದಕ್ಕೂ ಹಿಂದೆ ಒಂದಿಷ್ಟು ಸತ್ಯವಿದೆ. ಅದಕ್ಕೇ ಅದು ಹೆಚ್ಚು ಅಪಾಯಕಾರಿ.

ಮೂತ್ರರೋಗ: ಪ್ರತಿಜೈವಿಕಗಳು ಬರುವ ಮೊದಲು ಗೊನೊರಿಯಾ ಚಿಕಿತ್ಸೆಗೆ ಶ್ರೀಗಂಧದೆಣ್ಣೆಯ ಕ್ಯಾಪ್ಸೂಲುಗಳನ್ನು ಪಾಶ್ಚಾತ್ಯ ವೈದ್ಯರು ಕೊಡುತ್ತಿದ್ದರು. ಬ್ರಿಟಿಷ್ ಔಷಧಕೋಶದಲ್ಲೂ ಅದಕ್ಕೆ ಸ್ಥಾನವಿತ್ತು. ಸಲ್ಫಾ ಔಷಧಿಗಳು ಮತ್ತು ಪೆನಿಸಿಲಿನ್ ಬಂದ ಮೇಲೆ ಆ ಬಳಕೆ ನಿಂತಿತು. ಜರ್ಮನಿಯ ಸಸ್ಯೌಷಧ ತಜ್ಞರ ಆಯೋಗ ಮೂತ್ರನಾಳದ ಸೋಂಕಿನಲ್ಲಿ ಪೂರಕವಾಗಿ ಶ್ರೀಗಂಧದ ಬಳಕೆಯನ್ನು ಒಪ್ಪಿದ್ದುಂಟು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಸಲ್ಲದು, ವೈದ್ಯರ ಸಲಹೆಯಿಲ್ಲದೆ ಆರು ವಾರ ಮೀರಕೂಡದು ಎಂಬ ಷರತ್ತುಗಳನ್ನೂ ವಿಧಿಸಿತು. ಭಿತ್ತಿಪತ್ರಗಳಲ್ಲಿ ಒಪ್ಪಿಗೆ ಉಳಿಯುತ್ತದೆ, ಷರತ್ತು ಉದುರುತ್ತದೆ.

ಕ್ಯಾನ್ಸರ್: ಅಮೆರಿಕದ ಸೌತ್ ಡಕೋಟ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಚಂದ್ರಧರ ದ್ವಿವೇದಿ ಮತ್ತು ಸಂಗಡಿಗರು 1997ರಿಂದ ಪ್ರಕಟಿಸಿದ ಪ್ರಯೋಗಗಳಲ್ಲಿ, ರಾಸಾಯನಿಕ ಹಚ್ಚಿ ಉಂಟುಮಾಡಿದ ಚರ್ಮದ ಗಂಟುಗಳು ಶ್ರೀಗಂಧದೆಣ್ಣೆ ಸವರಿದ ಇಲಿಮರಿಗಳಲ್ಲಿ ಕಡಿಮೆಯಾಗಿದ್ದವು. ಇದು ಒಳ್ಳೆಯ ಸಂಶೋಧನೆ. ಆದರೆ ಇದು ತೋರಿಸಿದ್ದು ಪ್ರಯೋಗದ ಇಲಿಗಳಲ್ಲಿ ತಡೆಯನ್ನು, ಮನುಷ್ಯರಲ್ಲಿ ಚಿಕಿತ್ಸೆಯನ್ನಲ್ಲ.

ಗಾಯ: ಜರ್ಮನಿಯ ಬೋಖುಮ್‌ನ ವಿಜ್ಞಾನಿಗಳು 2014ರಲ್ಲಿ ಒಂದು ಸ್ವಾರಸ್ಯಕರ ಸಂಗತಿ ಪ್ರಕಟಿಸಿದರು. ಮೂಗಿನಲ್ಲಿರುವಂಥ ವಾಸನೆಯ ಗ್ರಾಹಕವೊಂದು ಚರ್ಮದ ಕೋಶಗಳಲ್ಲೂ ಇದೆ, ಅದನ್ನು ಗಂಧದ ಪರಿಮಳದ ಅಣುವೊಂದು ಪ್ರಚೋದಿಸಿದಾಗ ಕೋಶಗಳು ಬೇಗ ವೃದ್ಧಿಯಾಗಿ ಗಾಯ ಮುಚ್ಚುವತ್ತ ಸಾಗುತ್ತವೆ ಎಂದು. ‘ಶ್ರೀಗಂಧದಿಂದ ಗಾಯ ವಾಸಿ’ ಎಂಬ ಅರ್ಥದಲ್ಲಿ ಸುದ್ದಿ ಹಬ್ಬಿತು. ಅವರು ಬಳಸಿದ ಅಣುವಿನ ಹೆಸರು ಸ್ಯಾಂಡಲೋರ್. ಅದು ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಪರಿಮಳ. ಶ್ರೀಗಂಧದ ಮರದಲ್ಲಿ ಅದು ಇಲ್ಲವೇ ಇಲ್ಲ! ಎರಡು ಅಣುಗಳ ವಾಸನೆ ಒಂದೇ ತರಹ ಇದ್ದಮಾತ್ರಕ್ಕೆ ಅವುಗಳ ಜೈವಿಕ ಪರಿಣಾಮವೂ ಒಂದೇ ಆಗಬೇಕಿಲ್ಲ. ನೈಸರ್ಗಿಕ ಎಣ್ಣೆಯ ಹೊಗಳಿಕೆಗೆ ಕೃತಕ ಅಣುವಿನ ಫಲಿತಾಂಶವನ್ನು ಸಾಕ್ಷಿಯಾಗಿ ತಂದದ್ದು ವಿಪರ್ಯಾಸವೇ ಸರಿ.

ಈ ಪ್ರಶ್ನೆಗಳು ನಮ್ಮವೇ

ಇಷ್ಟೆಲ್ಲ ಪ್ರಶ್ನೆ ಹಾಕುವುದು ನಾಡಿನ ಹೆಮ್ಮೆಗೆ ಕುಂದಲ್ಲವೆ ಎಂದು ಕೆಲವರಿಗೆ ಅನ್ನಿಸಬಹುದು. ಇತಿಹಾಸ ಹೇಳುವುದು ಬೇರೆಯೇ. 1914ರಲ್ಲಿ ಮಹಾಯುದ್ಧ ಆರಂಭವಾಗುವವರೆಗೆ ಮೈಸೂರು ಸಂಸ್ಥಾನದ ಗಂಧದ ಮರ ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನವಿಜ್ಞಾನಿಗಳು ಬಟ್ಟಿ ಇಳಿಸುವ ಕ್ರಮವನ್ನು ಪ್ರಯೋಗಗಳಿಂದ ರೂಪಿಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್‌ರ ಮುತುವರ್ಜಿಯಲ್ಲಿ, 1916-17ರ ಹೊತ್ತಿಗೆ ಸಂಸ್ಥಾನವೇ ಎಣ್ಣೆ ತಯಾರಿಸತೊಡಗಿತು. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಕಾರ್ಖಾನೆ ಬಂತು. ಮೈಸೂರು ಎಣ್ಣೆಯ ಕೀರ್ತಿಯ ಹಿಂದೆ ಒಳ್ಳೆಯ ಮರದಷ್ಟೇ ಪ್ರಯೋಗಾಲಯದ ಅಳತೆಯೂ ಇದೆ.

ಉತ್ತರ ಕರ್ನಾಟಕದ ರೈತರಿಗೂ ಈ ಪ್ರಶ್ನೆಗಳು ಬೇಕು. 2001ರ ಕಾನೂನು ತಿದ್ದುಪಡಿಯಿಂದ ಸ್ವಂತ ಜಮೀನಿನ ಶ್ರೀಗಂಧ ಮರಕ್ಕೆ ರೈತನೇ ಒಡೆಯನಾದ. ಆಮೇಲೆ ಹೊಲದ ಬದುವಿನಲ್ಲಿ ಸಸಿ ನೆಡುವವರು ಹೆಚ್ಚಾದರು. ‘ಶೇಕಡ 90’ ಎಂಬ ಸಂಖ್ಯೆ ಹೊತ್ತ ಕರಪತ್ರಗಳು ಅವರ ಕೈಗೂ ಬರುತ್ತವೆ. ಎಣ್ಣೆ ಚೇಗಿನಲ್ಲಿ ಮಾತ್ರ ಇರುತ್ತದೆ, ಚೇಗು ಕೂಡಲು ವರ್ಷಗಳು ಬೇಕು, ನೀರು ನಿಲ್ಲುವ ನೆಲ ಈ ಮರಕ್ಕೆ ಒಗ್ಗದು ಎಂಬ ಮಾತುಗಳನ್ನು ಅವರಿಗೆ ತಿಳಿಸಬಲ್ಲವರು ಅವರ ಮಕ್ಕಳೇ, ಶಾಲೆಯಲ್ಲಿ ಸರಿಯಾಗಿ ಕಲಿತಿದ್ದರೆ.

ಭಿತ್ತಿಪತ್ರದಲ್ಲಿ ಮೆಚ್ಚಬೇಕಾದದ್ದೂ ಇತ್ತು. ಹಬೆ ಬಟ್ಟಿಯ ಚಿತ್ರ ಅಚ್ಚುಕಟ್ಟಾಗಿತ್ತು. ಮುಖ್ಯವಾಗಿ, ‘ಸುರಕ್ಷತೆ’ ಎಂಬ ಪದ ಶೀರ್ಷಿಕೆಯಲ್ಲೇ ಇತ್ತು. ಅದನ್ನು ಕೇಳಬೇಕೆಂದು ಮಕ್ಕಳಿಗೆ ಹೊಳೆದಿತ್ತು, ಉತ್ತರವನ್ನು ಮಾತ್ರ ನಾವು ದೊಡ್ಡವರು ತಪ್ಪಾಗಿ ಒದಗಿಸಿದ್ದೆವು. ಮಧ್ಯಾಹ್ನ ಅದೇ ಮಕ್ಕಳೊಡನೆ ಕುಳಿತು ನಾಲ್ಕು ಸಾಲುಗಳನ್ನು ತಿದ್ದಿ ಬರೆದೆವು:

1. ಸಂಟಾಲಮ್ ಆಲ್ಬಮ್ ಚೇಗಿನ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇಕಡ 41-55, ಬೀಟಾ ಸ್ಯಾಂಟಲಾಲ್ ಶೇಕಡ 16-24 ಇರಬೇಕು (ಗ್ಯಾಸ್ ಕ್ರೊಮಟೋಗ್ರಫಿಯ ಅಳತೆ).
2. ಕಾಗದದ ಕಲೆಯಿಂದ ಈ ಎಣ್ಣೆಯ ಶುದ್ಧತೆ ತಿಳಿಯದು.
3. ತೀವ್ರ ವಿಷತ್ವ ಕಡಿಮೆ. ಆದರೆ ಕೆಲವರಿಗೆ ಅಲರ್ಜಿ ಆಗಬಹುದು. ನೇರವಾಗಿ ಹಚ್ಚಬಾರದು.
4. ಸಂಶೋಧನೆ ನಡೆಯುತ್ತಿದೆ, ಇದು ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ.

ಶಿಕ್ಷಕ ಮಿತ್ರರು ತಮ್ಮ ಶಾಲೆಯ ಗೋಡೆಯ ಮೇಲಿರುವ ಇಂಥ ಯಾವುದೇ ಭಿತ್ತಿಪತ್ರಕ್ಕೆ ಇದೇ ಕ್ರಮ ಅನುಸರಿಸಬಹುದು. ಬೇವು, ಅರಿಶಿನ, ಲೋಳೆಸರ ಯಾವುದಾದರೂ ಸರಿ. ಯಾವ ವಸ್ತು, ಎಷ್ಟು ಪ್ರಮಾಣ, ಯಾರ ಮೇಲೆ, ಹೇಗೆ ಅಳೆದರು ಎಂಬ ನಾಲ್ಕು ಪ್ರಶ್ನೆಗಳು ಸಾಕು. ಮೂರನೆಯ ಸಾಲನ್ನು ಹೊಸದಾಗಿ ಬರೆದವಳು ಆ ಹುಡುಗಿಯೇ. ದದ್ದೆದ್ದ ಕೈಯಿಂದಲೇ, ಉಳಿದ ಸಾಲುಗಳಿಗಿಂತ ತುಸು ದೊಡ್ಡ ಅಕ್ಷರಗಳಲ್ಲಿ ಬರೆದಳು.